ಓಟ ನಿಂತ ಮೇಲೆ

ಗೆಲ್ಲುವ ಕುದುರೆಯ ಮೈ ಸವರಲು ನೂರು ಕೈಗಳು ಮುಂದೆ ಬರುತ್ತವೆ. ಅದರ ಕಾಲು ಮುರಿದಾಗ ಎಷ್ಟು ಕೈಗಳು ಉಳಿಯುತ್ತವೆ?

2006ರ ಮೇ ತಿಂಗಳಲ್ಲಿ ಅಮೆರಿಕದ ಕೆಂಟಕಿ ಡರ್ಬಿ ಗೆದ್ದ ಬಾರ್ಬರೋ ಎಂಬ ಕುದುರೆ, ಎರಡೇ ವಾರಗಳಲ್ಲಿ ಇನ್ನೊಂದು ಪಂದ್ಯದ ಆರಂಭದಲ್ಲೇ ಬಲ ಹಿಂಗಾಲು ಮುರಿದುಕೊಂಡಿತು. ಓಟ ಅಂದಿಗೇ ಮುಗಿಯಿತು. ಆದರೂ ಮಾಲಕರು ಕೈಬಿಡಲಿಲ್ಲ. ಶಸ್ತ್ರಚಿಕಿತ್ಸೆ ಮಾಡಿ ಲೋಹದ ಪಟ್ಟಿಯಿಂದ ಮೂಳೆ ಜೋಡಿಸಲಾಯಿತು.

ಕುದುರೆ ಮನುಷ್ಯನಂತೆ ತಿಂಗಳುಗಟ್ಟಲೆ ಮಲಗಿರಲಾರದು. ಮುರಿದ ಕಾಲಿನ ಭಾರವನ್ನು ಉಳಿದ ಕಾಲುಗಳು ಹೊರಬೇಕು. ಹಾಗೆ ಹೊತ್ತ ಎಡ ಹಿಂಗಾಲಿನ ಗೊರಸು ಜುಲೈಯಲ್ಲಿ ಕೆಟ್ಟಿತು. ಕೊನೆಗೆ ಮುಂಗಾಲುಗಳಿಗೂ ಅದೇ ಬಾಧೆ ತಗಲಿತು. ನೋವು ತಗ್ಗಿಸುವ ದಾರಿ ಉಳಿಯದಾಗ, 2007ರ ಜನವರಿ 29ರಂದು ಅದಕ್ಕೆ ದಯಾಮರಣ ನೀಡಿದರು.

ಎಂಟು ತಿಂಗಳ ಆರೈಕೆ ವ್ಯರ್ಥವಾಯಿತೇ? ಇಲ್ಲ. ನಮಗಾಗಿ ಓಡಿದ ಕಾಲಿನ ನೋವಿನಲ್ಲಿ ನಮಗೂ ಪಾಲಿದೆ. ಗುಣವಾಗುವ ಆಸೆಯಿರುವವರೆಗೆ ಶುಶ್ರೂಷೆ ಮಾಡುವುದು ಆ ಋಣದ ಒಂದು ಭಾಗ. ಆಸೆ ಬತ್ತಿದ ಬಳಿಕ, ಅಗಲಲಾರೆವೆಂಬ ನಮ್ಮ ಸಂಕಟಕ್ಕಾಗಿ ಅದನ್ನು ನರಳಿಸದಿರುವುದು ಇನ್ನೊಂದು ಭಾಗ. ಎರಡನೆಯದೇ ಹೆಚ್ಚು ಕಠಿಣ.

ಗಾಡಿ ಎಳೆದು ಸೋತ ಕುದುರೆ, ಗದ್ದೆ ಉತ್ತು ಮುದಿಯಾದ ಎತ್ತು ನಮ್ಮ ಊರಲ್ಲೂ ಇವೆ. ಅವುಗಳ ಮುಂದಿನ ಬಾನಿಯಲ್ಲಿ ಇಂದು ನೀರಿದೆಯೇ? ಒಮ್ಮೆ ಹೋಗಿ ನೋಡೋಣ.