ಇಲ್ಲದ ಗೆರೆಯ ಆಚೆ ಈಚೆ

1974ರಲ್ಲಿ ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕ್‌ನಲ್ಲಿ ಸಂಯೋಜಕ ವಾಲ್ಟರ್ ಥಾಂಪ್ಸನ್ ಅವರಿಗೆ ಸಂಗೀತ ಕಚೇರಿಯ ನಡುವೆಯೇ ವಾದ್ಯಗಾರರಿಗೆ ಏನೋ ಹೇಳಬೇಕಾಯಿತು. ಬಾಯಿ ತೆರೆಯುವಂತಿರಲಿಲ್ಲ, ಕೈ ಆಡಿಸಿದರು. ಅಲ್ಲಿಂದ ಬೆಳೆದ ‘ಸೌಂಡ್‌ಪೇಂಟಿಂಗ್’ ಎಂಬ ಸನ್ನೆಭಾಷೆಯಲ್ಲಿ ಈಗ 1,500ಕ್ಕೂ ಹೆಚ್ಚು ಸನ್ನೆಗಳಿವೆ. ಅವಸರಕ್ಕೆ ಹುಟ್ಟಿದ ಈ ಭಾಷೆ ಕಲಿಯಬಂದವರಿಂದ ಮೊದಲು ಕೇಳುವುದು ತಾಳ್ಮೆಯನ್ನು.

*

ಯಾರು, ಏನು, ಹೇಗೆ, ಯಾವಾಗ: ಸನ್ನೆಗಳ ವಾಕ್ಯ ಈ ಕ್ರಮದಲ್ಲಿ ನಡೆಯುತ್ತದೆ. ‘ಏಕೆ’ಗೆ ಅಲ್ಲಿ ಜಾಗವಿಲ್ಲ.

*

ಎರಡೂ ಕೈ ತಲೆಯ ಮೇಲೆ ದುಂಡಗೆ ಕೂಡಿದರೆ ‘ಎಲ್ಲರೂ’. ಚಿಟಿಕೆ ಹಿಡಿದ ಬೆರಳುಗಳನ್ನು ಎರಡು ಬದಿಗೆ ಎಳೆದರೆ ‘ಲಾಂಗ್ ಟೋನ್’, ಎಳೆದ ಸ್ವರ. ಮುಂಗೈಯುದ್ದಕ್ಕೂ ಬೆರಳು ಜಾರಿಸಿದರೆ ದನಿಯ ಏರಿಳಿತ. ಇಷ್ಟೆಲ್ಲ ತೋರಿಸಿಯೂ ಯಾವ ಸ್ವರವೆಂದು ಹೇಳಿದ್ದಿಲ್ಲ. ಕೊಳಲಿನವರು ಒಂದು ಹಿಡಿಯುತ್ತಾರೆ, ಪಕ್ಕದ ಚೆಲ್ಲೊ ಮತ್ತೊಂದು; ನರ್ತಕಿಗೆ ಅದೇ ಸನ್ನೆ ಕಡಿಯದ ಚಲನೆ. ಅಪ್ಪಣೆಯೊಳಗೆ ಎಷ್ಟು ಜಾಗ ಬಿಟ್ಟಿದ್ದಾರೆ ಎಂಬುದರಲ್ಲೇ ಮುಂದೆ ನಿಂತು ಸನ್ನೆ ಮಾಡುವವರ ಯೋಗ್ಯತೆ ತಿಳಿಯುತ್ತದೆ.

*

ಸನ್ನೆ ಮಾಡುವವರ ಮುಂದೆ ನೆಲದ ಮೇಲೊಂದು ಚೌಕವಿದೆ ಎಂದುಕೊಳ್ಳಬೇಕು. ಹೊರಗೆ ನಿಂತು ತೋರಿಸಿದ್ದು ಸಿದ್ಧತೆಗೆ. ಒಳಗೆ ಕಾಲಿಟ್ಟು ಕೊಟ್ಟದ್ದು ಆರಂಭಕ್ಕೆ. ಹೊಸಬರ ಕೈ ಬೇಗ ಪಳಗುತ್ತದೆ, ಕಾಲು ಪಳಗುವುದಿಲ್ಲ: ವಾಕ್ಯ ಮುಗಿಯುವ ಮೊದಲೇ ಗೆರೆ ದಾಟಿರುತ್ತದೆ. ನಮ್ಮ ಸಭೆ, ಸಮಿತಿಗಳಲ್ಲೂ ಇಂಥದೊಂದು ಚೌಕ ಬರೆದಿಟ್ಟಿದ್ದರೆ ಎಷ್ಟೋ ಮಾತು ಹೊರಗೇ ಉಳಿಯುತ್ತಿತ್ತು.

*

ಸನ್ನೆಯನ್ನು ತಪ್ಪಾಗಿ ಓದಿದವರು ನಡುವೆ ತಿದ್ದಿಕೊಳ್ಳುವಂತಿಲ್ಲ, ಹಿಡಿದದ್ದನ್ನೇ ಮುಂದುವರಿಸಬೇಕು. ಇದನ್ನು ಔದಾರ್ಯ ಎನ್ನುವವರಿದ್ದಾರೆ. ನನಗೆ ಲೆಕ್ಕಾಚಾರವಾಗಿ ಕಾಣುತ್ತದೆ. ಹತ್ತು ಮಂದಿ ಗುಟ್ಟಾಗಿ ತಿದ್ದಿಕೊಳ್ಳತೊಡಗಿದರೆ ಯಾವ ನಾದದ ಮೇಲೂ ಮುಂದಿನದನ್ನು ಕಟ್ಟಲಾಗದು. ಗಟ್ಟಿಯಾಗಿ ನಿಂತ ತಪ್ಪಿನ ಮೇಲೆ ಕಟ್ಟಬಹುದು.

*

‘ಮೆಮೊರಿ’ ಎಂಬ ಸನ್ನೆಯಿದೆ. ಅದರೊಡನೆ ಅಂಕಿ ತೋರಿಸಿದರೆ, ಆಗ ನಡೆಯುತ್ತಿರುವುದನ್ನು ಎಲ್ಲರೂ ನೆನಪಿಟ್ಟು, ಬೇಕಾದಾಗ ಮತ್ತೆ ಕೊಡಬೇಕು. ಸನ್ನೆ ಒಂದೇ ದಿನಕ್ಕೆ ಬರುತ್ತದೆ. ಯಾವುದು ನೆನಪಿಡತಕ್ಕದ್ದು ಎಂದು ಅದು ಮುಗಿಯುವುದರೊಳಗೆ ಗುರುತಿಸುವ ಕಿವಿ ಬೇಗ ಬರುವುದಿಲ್ಲ.

*

ಇಂಥದೇ ಸನ್ನೆಗಳಿಂದ ವಾದ್ಯಗಾರರನ್ನು ನಡೆಸಿದ ಬುಚ್ ಮಾರಿಸ್ ತಮ್ಮ ‘ಕಂಡಕ್ಷನ್’ ಸರಣಿಯನ್ನು 1985ರಲ್ಲಿ ಆರಂಭಿಸಿದರು. ಅವರ ಸನ್ನೆಗಳು ಕಡಿಮೆ. ಭಾಷೆ ಚಿಕ್ಕದಾದರೆ ಕೇಳುವಿಕೆ ದೊಡ್ಡದಾಗಬೇಕು.

*

ಜಾನ್ ಜೋರ್ನ್ 1984ರ ‘ಕೋಬ್ರಾ’ ಎಂಬ ಕೃತಿಯಲ್ಲಿ ಆಟವನ್ನೇ ತಿರುಗಿಸಿದರು. ಅಲ್ಲಿ ಸನ್ನೆ ಮಾಡುವವರು ವಾದ್ಯಗಾರರು. ಎದುರು ನಿಂತವರು ವಾದ್ಯಗಾರರು ಕೇಳಿದ ಕಾರ್ಡನ್ನು ಎತ್ತಿ ಎಲ್ಲರಿಗೂ ತೋರಿಸುತ್ತಾರೆ. ನಿರ್ದೇಶನ ಕಲಿಯುತ್ತಿರುವವರನ್ನು ಆಗಾಗ ಆ ಕಾರ್ಡು ಎತ್ತುವ ಕೆಲಸಕ್ಕೆ ನಿಲ್ಲಿಸುವುದು ಒಳ್ಳೆಯದು.