ದೈವ, ಪೌರುಷ ಮತ್ತು ಗಾಲ್ಫಿನ ಚೆಂಡು

ಗಾಲ್ಫ್ ಆಟಕ್ಕೂ ಅಥಣಿ ಸೀಮೆಯ ಶ್ರಾವಕರಿಗೂ ಏನು ಸಂಬಂಧವೆಂದು ಓದುಗ ಬಂಧುಗಳು ಕೇಳಬಹುದು. ನಮ್ಮ ಕಡೆಯ ಎರೆಭೂಮಿಯಲ್ಲಿ ಆ ಆಟಕ್ಕೆ ಬೇಕಾದ ಹುಲ್ಲುಹಾಸನ್ನು ಬೆಳೆಸಿದವರನ್ನು ನಾನು ಕಂಡಿಲ್ಲ. ಅಷ್ಟು ನೀರಿದ್ದವರು ಕಬ್ಬು ಹಚ್ಚುತ್ತಾರೆ. ನನಗೂ ಆ ಆಟದ ಪರಿಚಯವಾದದ್ದು ಮುಪ್ಪಿನಲ್ಲಿ, ಅದೂ ದೂರದರ್ಶನದ ಪೆಟ್ಟಿಗೆಯ ಮುಂದೆ ಕುಳಿತು. ಆದರೆ ಅಂದು ಮನಸ್ಸಿಗೆ ಬಂದ ಪ್ರಶ್ನೆ ಆಟದ್ದಲ್ಲ, ನಮ್ಮ ಮನೆ ಬಾಗಿಲಿನದು. ಆದ್ದರಿಂದ ಬರೆಯುವ ಧೈರ್ಯ ಮಾಡಿದ್ದೇನೆ.

2021ರ ಆಗಸ್ಟ್ 7, ಶನಿವಾರ. ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿದ್ದೆ. ಟೋಕಿಯೊ ಒಲಿಂಪಿಕ್ಸಿನ ಮಹಿಳಾ ಗಾಲ್ಫಿನ ಕೊನೆಯ ದಿನ. ಜಗತ್ತಿನ ಶ್ರೇಯಾಂಕದಲ್ಲಿ 200ನೆಯ ಸ್ಥಾನದಲ್ಲಿದ್ದ ಬೆಂಗಳೂರಿನ ಅದಿತಿ ಅಶೋಕ್ ಮೂರು ದಿನಗಳ ಆಟ ಮುಗಿದಾಗ ಎರಡನೆಯ ಸ್ಥಾನದಲ್ಲಿದ್ದರು. ಆಟದ ಚೀಲ ಹೊತ್ತು ಜೊತೆಗೆ ನಡೆಯುತ್ತಿದ್ದವರು ಅವರ ತಾಯಿ. ಕೆಲವೇ ತಿಂಗಳ ಹಿಂದೆ ಅದಿತಿಯವರಿಗೆ ಕೊರೊನಾ ಬಂದು ಶಕ್ತಿ ಕುಂದಿತ್ತಂತೆ. ನಡುವೆ ಮಳೆ ಗಾಳಿ ಬಂದು ಆಟ ನಿಂತಿತು, ಮತ್ತೆ ಸಾಗಿತು. ಹದಿನೆಂಟನೆಯ ಕುಳಿಯಲ್ಲಿ ಒಂದು ಹೊಡೆತ ಉಳಿದಿತ್ತು. ಅದು ಒಳಗೆ ಬಿದ್ದಿದ್ದರೆ ಪದಕಕ್ಕಾಗಿ ಮತ್ತೆ ಆಡುವ ಅವಕಾಶ ಸಿಗುತ್ತಿತ್ತು. ಗಾಲ್ಫಿನ ಕುಳಿಯ ವ್ಯಾಸ ನಾಲ್ಕೂಕಾಲು ಅಂಗುಲ. ಚೆಂಡು ಅದರ ಅಂಚಿನ ಪಕ್ಕದಲ್ಲಿ ಸಾಗಿ ಹೋಯಿತು. ಒಂದೇ ಹೊಡೆತದ ಅಂತರದಿಂದ ನಾಲ್ಕನೆಯ ಸ್ಥಾನ! ಅದೇ ಸಂಜೆ ನೀರಜ್ ಚೋಪ್ರಾ ಭರ್ಜಿ ಎಸೆತದಲ್ಲಿ ಚಿನ್ನ ಗೆದ್ದರು. ದೇಶವು ಬೆಳಗಿನದನ್ನು ಮರೆತುಬಿಟ್ಟಿತು.

"ಲಕ್ ಇರಲಿಲ್ಲ ಅಜ್ಜಾ" ಎಂದಳು ಮೊಮ್ಮಗಳು. "ಲಕ್ ಅಲ್ಲ, ಹಿಂದಿನಿಂದ ಬಂದವರು ಇವತ್ತು ಹೆಚ್ಚು ಚೆನ್ನಾಗಿ ಆಡಿದರು" ಎಂದರು ಅಳಿಯಂದಿರು. ಇಬ್ಬರ ಮಾತೂ ಸುಳ್ಳಲ್ಲ. ನನ್ನ ನಾಲಿಗೆಯ ತುದಿಗೆ ಮೂರನೆಯ ಮಾತು ಬಂದಿತ್ತು: "ಆ ಹುಡುಗಿಯ ಪುಣ್ಯ ಇಷ್ಟೇ." ಆದರೆ ಅದು ಗಂಟಲಲ್ಲೇ ನಿಂತಿತು. ಆ ಮಾತಿನ ಇನ್ನೊಂದು ಮುಖವನ್ನು ಏಳು ವರ್ಷಗಳ ಹಿಂದೆ ನಮ್ಮೂರ ಬಸ್ತಿಯಲ್ಲಿ ನಾನು ಕಂಡಿದ್ದೆ. ಅದನ್ನು ಮುಂದೆ ಹೇಳುವೆನು.

ಗಾಲ್ಫಿನಷ್ಟು ದೈವಕ್ಕೆ ತೆರೆದುಕೊಂಡ ಆಟ ವಿರಳ. ಚದುರಂಗದ ಹಲಗೆ ಎಲ್ಲರಿಗೂ ಒಂದೇ. ಇಲ್ಲಿ ಆಡುವ ನೆಲವೇ ಹೊಲದಂತೆ ಏರುತಗ್ಗು. ಸರಿಯಾಗಿ ಹೊಡೆದ ಚೆಂಡು ಕಲ್ಲಿಗೆ ತಾಗಿ ಕೆರೆಗೆ ಬೀಳುತ್ತದೆ. ತಪ್ಪಾಗಿ ಹೊಡೆದದ್ದು ಮರಕ್ಕೆ ಬಡಿದು ಕುಳಿಯ ಬಳಿಗೆ ಮರಳುತ್ತದೆ. ಬೆಳಿಗ್ಗೆ ಆಡಿದವನಿಗೆ ಬಿಸಿಲು, ಮಧ್ಯಾಹ್ನ ಆಡಿದವನಿಗೆ ಬಿರುಗಾಳಿ. ಆದರೂ ಆ ಆಟದ ಮೂಲನಿಯಮ, ಚೆಂಡು ಎಲ್ಲಿ ಬಿದ್ದಿದೆಯೋ ಅಲ್ಲಿಂದಲೇ ಆಡಬೇಕೆಂಬುದು. 1744ರಲ್ಲಿ ಸ್ಕಾಟ್ಲೆಂಡಿನ ಲೀತ್ ಎಂಬಲ್ಲಿ ಬರೆದಿಟ್ಟ ಹದಿಮೂರು ನಿಯಮಗಳಿಂದ ಇಂದಿನವರೆಗೆ ವಿವರಗಳು ಅನೇಕ ಬದಲಾಗಿವೆ, ಈ ತಿರುಳು ಬದಲಾಗಿಲ್ಲ. ಬೇರೆಯವನು ಕಡಿದಿಟ್ಟ ಹುಲ್ಲಿನ ಗುಂಡಿಯಲ್ಲಿ ನಿನ್ನ ಚೆಂಡು ಕುಳಿತಿದ್ದರೂ ಎತ್ತಿ ಬೇರೆಡೆ ಇಡುವಂತಿಲ್ಲ.

ದೈವ ಮತ್ತು ಪೌರುಷಗಳ ಈ ಪ್ರಶ್ನೆ ನಮ್ಮ ಆಚಾರ್ಯರಿಗೆ ಹೊಸದಲ್ಲ. ಸಮಂತಭದ್ರ ಸ್ವಾಮಿಗಳು ಆಪ್ತಮೀಮಾಂಸೆಯಲ್ಲಿ ಎರಡೂ ಏಕಾಂತಗಳನ್ನು ಪರೀಕ್ಷಿಸಿದ್ದಾರೆ. ಎಲ್ಲವೂ ದೈವದಿಂದಲೇ ಆಗುವುದಾದರೆ ಆ ದೈವವು ಪೌರುಷದಿಂದ ಹುಟ್ಟಿತೆಂದು ಹೇಳುವುದು ಹೇಗೆ? ದೈವದಿಂದಲೇ ದೈವ ಹುಟ್ಟುತ್ತ ಹೋದರೆ ಮೋಕ್ಷವೆಲ್ಲಿ? ಎಲ್ಲವೂ ಪೌರುಷದಿಂದಲೇ ಆಗುವುದಾದರೆ, ದುಡಿದ ಪ್ರತಿಯೊಂದು ಜೀವಿಗೂ ಫಲ ಸಿಗಬೇಕಿತ್ತಲ್ಲವೇ? ಎರಡನ್ನೂ ತಳ್ಳಿ ಅವರು ಕೊಡುವ ವಿವೇಕ ಸರಳವಾದುದು: ಬುದ್ಧಿಪೂರ್ವಕವಲ್ಲದೆ ಬಂದ ಇಷ್ಟಾನಿಷ್ಟಗಳು ತನ್ನ ದೈವದಿಂದ, ಬುದ್ಧಿಪೂರ್ವಕವಾಗಿ ಬಂದವು ತನ್ನ ಪೌರುಷದಿಂದ. ಕೋಲು ಬೀಸಿದ್ದು ಪೌರುಷ. ಕಲ್ಲಿಗೆ ತಾಗಿದ್ದು ದೈವ. ಅಳಿಯಂದಿರು ಮೊದಲನೆಯದನ್ನು ಹೇಳಿದರು, ಮೊಮ್ಮಗಳು ಎರಡನೆಯದನ್ನು.

ಇಲ್ಲಿ ಒಂದು ಚಿಕ್ಕ ಶಬ್ದವನ್ನು ನಾವು ಓದದೆ ಬಿಟ್ಟುಬಿಡುತ್ತೇವೆಂದು ನನಗನಿಸುತ್ತದೆ. ಆಚಾರ್ಯರು ಬರಿದೆ ದೈವವೆಂದಿಲ್ಲ, 'ಸ್ವ' ಎಂಬುದನ್ನು ಸೇರಿಸಿದ್ದಾರೆ. ತನ್ನ ದೈವ, ತನ್ನ ಪೌರುಷ. ಈ ವಿವೇಕದಿಂದ ನಾನು ನನ್ನ ಬಾಳನ್ನು ಓದಬಹುದು. ಪಕ್ಕದ ಮನೆಯವನ ಬಾಳಿನ ಮೇಲೆ ತೀರ್ಪು ಬರೆಯುವುದಕ್ಕೆ ಇದು ಅಪ್ಪಣೆಯಲ್ಲ.

ಗಾಲ್ಫಿನ ಚರಿತ್ರೆಯಲ್ಲಿ ಇದಕ್ಕೆ ಹತ್ತಿರದ ಒಂದು ನಿದರ್ಶನವಿದೆ. 1925ರ ಅಮೆರಿಕದ ಮುಕ್ತ ಸ್ಪರ್ಧೆಯಲ್ಲಿ ಬಾಬಿ ಜೋನ್ಸ್ ಎಂಬ ಪ್ರಸಿದ್ಧ ಆಟಗಾರ ಎತ್ತರದ ಹುಲ್ಲಿನಲ್ಲಿದ್ದ ಚೆಂಡನ್ನು ಹೊಡೆಯಲು ಸಿದ್ಧನಾದಾಗ ಅದು ತುಸು ಅಲುಗಿತು. ಬೇರಾರೂ ನೋಡಿರಲಿಲ್ಲ. ಬೇಕೆಂದು ಮಾಡಿದ್ದಂತೂ ಅಲ್ಲ. ಅಧಿಕಾರಿಗಳು ಸಂಶಯಿಸಿದರೂ ಆತ ತನ್ನ ಲೆಕ್ಕಕ್ಕೆ ಒಂದು ಹೊಡೆತದ ದಂಡವನ್ನು ತಾನೇ ಬರೆದುಕೊಂಡ. ನಾಲ್ಕು ಸುತ್ತುಗಳ ಕೊನೆಗೆ ವಿಲ್ಲಿ ಮ್ಯಾಕ್‌ಫರ್ಲೇನನೊಡನೆ ಸಮನಾಗಿ ನಿಂತು, ಮತ್ತೆ ಆಡಿ, ಸೋತ. ಆ ಒಂದು ಹೊಡೆತ ಇಲ್ಲದಿದ್ದರೆ ಮರು ಆಟವೇ ಬೇಕಿರಲಿಲ್ಲ. ಜನ ಹೊಗಳಿದಾಗ ಆತನಿಗೆ ಅದು ರುಚಿಸಲಿಲ್ಲ. ಬ್ಯಾಂಕನ್ನು ದೋಚಲಿಲ್ಲವೆಂದು ಮನುಷ್ಯನನ್ನು ಹೊಗಳುವುದುಂಟೇ ಎಂಬರ್ಥದ ಉತ್ತರ ಕೊಟ್ಟನೆಂಬುದು ಪ್ರಸಿದ್ಧ. ಕಠಿಣವಾದ ಲೆಕ್ಕವನ್ನು ತನಗೆ ಮಾತ್ರ ಹಚ್ಚಿಕೊಂಡನೆಂಬುದು ನನ್ನ ಗಮನ ಸೆಳೆದ ಅಂಶ.

ನಮ್ಮ ಲೆಕ್ಕದ ಪದ್ಧತಿ ಇದಕ್ಕೆ ಪೂರಾ ತಿರುಗುಮುರುಗು. ವ್ಯಾಪಾರಸ್ಥ ಮನೆತನಗಳಲ್ಲಿ ಕಿರ್ದಿ ಬರೆಯುವುದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ದೈವದ ಕಿರ್ದಿಯನ್ನು ನಾವು ಪ್ರಾಮಾಣಿಕವಾಗಿ ಬರೆಯುವುದಿಲ್ಲ. ನನಗೆ ಲಾಭವಾದರೆ ಅದು ಪುಣ್ಯೋದಯ, ಅವನಿಗೆ ಲಾಭವಾದರೆ ಅದೃಷ್ಟ. ನನಗೆ ನಷ್ಟವಾದರೆ ಕೆಟ್ಟ ಕಾಲ, ಅವನಿಗೆ ನಷ್ಟವಾದರೆ ಪಾಪಕರ್ಮ. ಚೆಂಡು ಕಲ್ಲಿಗೆ ತಾಗಿ ಹೊರಗೆ ಹೋದದ್ದನ್ನು ಗಾಲ್ಫ್ ಆಡುವವರು ವರ್ಷಾನುಗಟ್ಟಲೆ ನೆನೆಯುತ್ತಾರೆ, ಮರಕ್ಕೆ ತಾಗಿ ಒಳಗೆ ಬಂದದ್ದನ್ನು ಮನೆಗೆ ಹೋಗುವಷ್ಟರಲ್ಲಿ ಮರೆಯುತ್ತಾರೆ ಎಂದು ಅಳಿಯಂದಿರು ಅಂದು ನಕ್ಕರು. ನನಗೆ ನಗು ಬರಲಿಲ್ಲ.

2014ರ ಫೆಬ್ರವರಿ ಕೊನೆ ಮತ್ತು ಮಾರ್ಚ್ ತಿಂಗಳಲ್ಲಿ ಮಹಾರಾಷ್ಟ್ರ ಹಾಗೂ ಉತ್ತರ ಕರ್ನಾಟಕದ ಅನೇಕ ಕಡೆ ಆಲಿಕಲ್ಲಿನ ಮಳೆ ಬಿದ್ದದ್ದು ದ್ರಾಕ್ಷಿ ಬೆಳೆದ ಯಾರಿಗೂ ಮರೆತಿರಲಾರದು. ಅಕ್ಟೋಬರಿನಲ್ಲಿ ಚಾಟ್ನಿ ಮಾಡಿ, ಔಷಧ ಹೊಡೆದು, ಸಾಲದ ಕಂತನ್ನು ಗೊನೆಗಳ ಮೇಲೆ ಎಣಿಸುತ್ತ ಕುಳಿತ ಹೊತ್ತು ಅದು. ಅಥಣಿ ತಾಲೂಕಿನ ಪೂರ್ವಭಾಗದ ನಮ್ಮ ತೋಟಕ್ಕೂ ಪಕ್ಕದ ತೋಟಕ್ಕೂ ನಡುವೆ ಒಂದು ಬದು ಮಾತ್ರ. ಹದಿನೈದು ನಿಮಿಷದಲ್ಲಿ ಅವರ ಬೆಳೆ ನೆಲಕ್ಕೆ ಬಿತ್ತು. ನಮ್ಮದರಲ್ಲಿ ಅಂಚಿನ ಎರಡು ಸಾಲು ಹೋದವು, ಅಷ್ಟೇ. ಆ ಬದು ಮೋಡಕ್ಕೆ ಹೇಗೆ ಕಂಡಿತೋ!

ಮರುದಿನ ಬಸ್ತಿಯಲ್ಲಿ ಹಿರಿಯರೊಬ್ಬರು ಎಲ್ಲರೆದುರು, "ನೀವು ಪುಣ್ಯವಂತರು ನೋಡ್ರಿ, ಭಗವಂತರ ಅಭಿಷೇಕ ಬಿಟ್ಟವರಲ್ಲ" ಎಂದರು. ನಾನು ಕೈಮುಗಿದು "ಹೂಂ, ಎಲ್ಲಾ ಅವರ ಕೃಪೆ" ಎಂದೆ. ಅಭಿಷೇಕದ ಕಲಶ ಹಿಡಿದು ಪಕ್ಕದ ತೋಟದವರು ಅಲ್ಲೇ ನಿಂತಿದ್ದರು. ಅವರೂ ಅಭಿಷೇಕ ಬಿಟ್ಟವರಲ್ಲ. ಇಷ್ಟಕ್ಕೇ ಮುಗಿಯಲಿಲ್ಲ. ಬೆಳೆ ಹಾಳಾದ್ದರಿಂದ ಮಾಲು ಕಡಿಮೆಯಾಗಿ ನನ್ನ ಒಣದ್ರಾಕ್ಷಿಗೆ ಒಳ್ಳೆಯ ದರ ಬಂತು. ಅಂದರೆ ಅವರ ಹಾನಿಯೇ ನನ್ನ ಲಾಭದ ಒಂದು ಕಾರಣ. ಏಪ್ರಿಲಿನ ಮಹಾವೀರ ಜಯಂತಿಯ ಸವಾಲಿನಲ್ಲಿ ನಾನು ಕೂಗಿದೆ. ಕಮಿಟಿಯವರು ಫಲಕದ ಮೇಲೆ ನನ್ನ ಹೆಸರು ಬರೆಸಿದರು. ಪ್ರತಿವರ್ಷ ಸವಾಲು ಹಿಡಿಯುತ್ತಿದ್ದ ಅವರು ಅಂದು ಕಂಬದ ಹಿಂದೆ ಕುಳಿತಿದ್ದರು. ಮಂದಿರದ ಕಮಿಟಿಗಳಲ್ಲಿರುವ ಬಂಧುಗಳು ಕ್ಷಮಿಸಬೇಕು, ಬರಗಾಲದ ಮತ್ತು ನೆರೆಯ ವರ್ಷಗಳಲ್ಲಾದರೂ ಸವಾಲನ್ನು ಹೇಗೆ ಕೂಗಬೇಕೆಂದು ಒಮ್ಮೆ ಕೂತು ಯೋಚಿಸುವುದು ಒಳಿತು.

ಸಿದ್ಧಾಂತದ ಪ್ರಕಾರ ಅವರ ದುಃಖವೂ ಕರ್ಮೋದಯವೇ ಅಲ್ಲವೇ ಎಂದು ಪಂಡಿತರು ಕೇಳಬಹುದು. ಇರಬಹುದು. ಆದರೆ ಯಾವ ಜೀವಿಗೆ ಯಾವ ಕರ್ಮ ಯಾವಾಗ ಉದಯಕ್ಕೆ ಬಂದಿತೆಂಬುದನ್ನು ಛದ್ಮಸ್ಥರಾದ ನಾವು ಬಲ್ಲೆವೇ? ಅಸಾತಾ ವೇದನೀಯವೆಂಬ ಹೆಸರೇ ಅನುಭವಿಸುವ ದುಃಖವನ್ನು ಹೇಳುತ್ತದೆ. ಮೋಡದ ದಾರಿಯನ್ನು ಅದರಿಂದ ಓದಲು ಬಾರದು. ನಾವು ಖಚಿತವಾಗಿ ಬಲ್ಲದ್ದು ಬೇರೆ: ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಪರನಿಂದೆಯನ್ನೂ ಆತ್ಮಪ್ರಶಂಸೆಯನ್ನೂ ನೀಚಗೋತ್ರದ ಆಸ್ರವಕ್ಕೆ ಕಾರಣವೆಂದು ಹೇಳಿದ್ದಾರೆ. ಬಸ್ತಿಯಲ್ಲಿ ನಾನು ಕೈಮುಗಿದು ಹೇಳಿದ ಆ ಒಂದು "ಹೂಂ" ಎರಡೂ ಆಗಿತ್ತು.

ಅದೃಷ್ಟವಂತರೆಂದು ನಾವು ಕರೆಯುವವರೂ ಒಂದೇ ಕಡೆ ನಿಲ್ಲುವುದಿಲ್ಲ. ಕೃಷ್ಣೆಯ ದಂಡೆಯ ಕಬ್ಬಿನ ಹೊಲಗಳನ್ನು ನೋಡಿ ಒಣಭೂಮಿಯ ನಾವು ಎಷ್ಟು ಸಲ ನಿಟ್ಟುಸಿರು ಬಿಟ್ಟಿಲ್ಲ! 2005ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಆ ನದಿಯೇ ಮನೆಗಳಿಗೆ ನುಗ್ಗಿದಾಗ ಅವರು ದನಕರುಗಳೊಡನೆ ಗಂಜಿಕೇಂದ್ರಗಳಲ್ಲಿದ್ದರು. ಆಗ "ನದಿ ದಂಡಿಯವರ ಕರ್ಮ" ಎಂದವರನ್ನೂ ನಾನು ಕೇಳಿದ್ದೇನೆ.

ಪಕ್ಕದ ತೋಟದವರು ಆ ವರ್ಷ ಏನು ಮಾಡಿದರೆಂಬುದನ್ನು ಹೇಳಬೇಕು. ಏಪ್ರಿಲಿನಲ್ಲಿ, ಹರಿದ ಬಳ್ಳಿಗಳ ಮೇಲೆಯೇ ಮತ್ತೆ ಚಾಟ್ನಿ ಮಾಡಿಸಿದರು. ಆಳುಗಳಿಗೆ ಕೊಡಲು ಹಣವಿಲ್ಲದೆ ಗಂಡಹೆಂಡತಿ ಇಬ್ಬರೂ ಕತ್ತರಿ ಹಿಡಿದಿದ್ದರು. ಬದುವಿನ ಈಚೆಯಿಂದ ನಾನು ನೋಡಿದೆ. ಸಹಾಯ ಬೇಕೇ ಎಂದು ಕೇಳಲಿಲ್ಲ. ಅವರು ಕೇಳಿರಲಿಲ್ಲ ಎಂಬುದು ಆಗ ನನಗೆ ಸಾಕಷ್ಟು ಕಾರಣವಾಗಿ ಕಂಡಿತ್ತು.

ಬೆಂಗಳೂರಿನಿಂದ ಮರಳಿದ ಮೇಲೆ ಒಂದು ಸಂಜೆ ಅವರ ಮನೆಗೆ ಹೋದೆ. ಗಾಲ್ಫಿನ ಸುದ್ದಿ ಹೇಳಿದೆ, ಅವರು ಆಸಕ್ತಿಯಿಂದ ಕೇಳಿದರು. ಆಮೇಲೆ, 2014ರ ಆ ದಿನ ಬಸ್ತಿಯಲ್ಲಿ ಅಂದದ್ದು ನೆನಪಿದೆಯೇ ಎಂದು ಕೇಳಿದೆ.

"ಆಣಿಕಲ್ಲ ಬಿದ್ದದ್ದು ಬಿತ್ತು ಅಣ್ಣಾ, ಅದಕ್ಕ ಯಾರ ಏನ ಮಾಡಾಕ ಬರತೈತಿ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಹೂಂ ಅಂದ್ರಿ. ಅದು ನೆನಪೈತಿ" ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಅವರ ಮನೆಯವರು ಚಹಾ ತಂದಿಟ್ಟರು. ಈ ಸಲದ ಚಾಟ್ನಿಗೆ ಆಳು ಸಿಗುವುದು ಕಷ್ಟವಾಗಿದೆಯೆಂದು ಮಾತು ಬಂತು. ನಮ್ಮ ಕಡೆಯ ಆಳುಗಳನ್ನು ಮೊದಲು ಅವರ ತೋಟಕ್ಕೆ ಕಳುಹಿಸುವೆನೆಂದು ಹೇಳಿ ಎದ್ದು ಬಂದೆ.