ಚಿತ್ರದಲ್ಲಿ ಉಳಿಯದ ಜೀವ

ನಿತ್ಯ ಕೈಗೆ ತಾಗುವ ವಸ್ತುಗಳನ್ನು ನಾವು ಬಳಸುತ್ತೇವೆಯೇ ಹೊರತು ನೋಡುವುದಿಲ್ಲ. ಹಿತ್ತಾಳೆಯ ತಂಬಿಗೆ, ನೀರು ಸೋಸುವ ಬಟ್ಟೆ, ಜಪಮಾಲೆ, ಹಳೆಯ ತಕ್ಕಡಿಯ ತಟ್ಟೆ, ಇವುಗಳಲ್ಲಿ ನೋಡುವಂಥದೇನಿದೆ ಎಂದು ನಾನೂ ಬಹುಕಾಲ ಎಣಿಸಿದ್ದೆ. ಬೇಸಿಗೆಯ ರಜೆಗೆ ಆಳಂದದ ನಮ್ಮ ಮನೆಗೆ ಬಂದಿದ್ದ ಮೊಮ್ಮಗಳು ಇವುಗಳನ್ನೇ ಒಂದೊಂದಾಗಿ ಬೆಳಕಿಂಡಿಯ ಕೆಳಗಿರಿಸಿ, ತೀರ ಸಮೀಪದಿಂದ ಛಾಯಾಚಿತ್ರ ತೆಗೆಯತೊಡಗಿದಾಗ ಅದೊಂದು ರಜೆಯ ಆಟವೆಂದೇ ನನಗೆ ತೋರಿತು. ಆ ಆಟವೇ ನನ್ನನ್ನು ಒಂದು ಧರ್ಮಸಂಕಟಕ್ಕೆ ನೂಕಿತಾದುದರಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ಆಕೆಯ ವಿಧಾನವನ್ನು ಮೊದಲು ಹೇಳಬೇಕು. ಅದರಲ್ಲಿ ವ್ಯಾಪಾರಿಗೆ ಪ್ರಿಯವಾದ ಲೆಕ್ಕವಿದೆ. ವಸ್ತುವಿನ ಸಮೀಪಕ್ಕೆ ಹೋದಷ್ಟೂ ಸ್ಪಷ್ಟವಾಗಿ ಕಾಣುವ ಆಳ ಕಡಿಮೆಯಾಗುತ್ತದೆ. ಮುಂದಿನ ಕಾಳು ಸ್ಪಷ್ಟವಾದರೆ ಹಿಂದಿನದು ಮಸುಕು. ಎರಡೂ ಸ್ಪಷ್ಟವಾಗಬೇಕಾದರೆ ಮಸೂರದ ದ್ವಾರವನ್ನು ಕಿರಿದುಗೊಳಿಸಬೇಕು. ಎಫ್ 4ರಿಂದ ಎಫ್ 16ಕ್ಕೆ ಇಳಿಸಿದರೆ ಒಳಬರುವ ಬೆಳಕು ಹದಿನಾರರಲ್ಲಿ ಒಂದು ಪಾಲಾಗುತ್ತದೆ. ಬಿಂಬವು ವಸ್ತುವಿನಷ್ಟೇ ದೊಡ್ಡದಾಗುವಷ್ಟು ಹತ್ತಿರ ಹೋದರೆ ಉಳಿದ ಬೆಳಕಿನಲ್ಲಿಯೂ ಸುಮಾರು ನಾಲ್ಕನೆಯ ಒಂದು ಪಾಲು ಮಾತ್ರ ದಕ್ಕುತ್ತದೆ. ಹೀಗೆ ಅರ್ಧ ಸೆಕೆಂಡಿನ ಕೆಲಸಕ್ಕೆ ಅರ್ಧ ನಿಮಿಷವೇ ಬೇಕಾಗುತ್ತದೆ. ಕ್ಯಾಮೆರಾ ಮೂರು ಕಾಲಿನ ಆಸರೆಯ ಮೇಲೆ ಅಲುಗದೆ ನಿಲ್ಲಬೇಕು. ಗುಂಡಿ ಒತ್ತಿದ ಬೆರಳಿನ ಕಂಪವೂ ತಗಲಬಾರದೆಂದು ಆಕೆ ಎರಡು ಸೆಕೆಂಡು ತಡವಾಗಿ ತೆರೆಯುವ ಏರ್ಪಾಡು ಮಾಡುತ್ತಿದ್ದಳು. ಉಸಿರು ಬಿಗಿಹಿಡಿದು ಆಕೆ ಕಾಯುತ್ತಿದ್ದ ರೀತಿಯನ್ನು ಕಂಡು, ಸಾಮಾಯಿಕಕ್ಕೆ ಕುಳಿತ 48 ನಿಮಿಷಗಳಲ್ಲಿ ನನಗೆ ಇಷ್ಟು ಏಕಾಗ್ರತೆ ಇರುತ್ತದೆಯೇ ಎಂದು ನಾಚಿಕೆಯಾಯಿತು.

ಒಂದು ದಿನ ಆಕೆ ತಟ್ಟೆಯಲ್ಲಿ ಒಂದು ಹಿಡಿ ಇಡಿ ತೊಗರಿಯನ್ನು ಇಟ್ಟು ಚಿತ್ರ ತೆಗೆದಳು. ಜೇವರ್ಗಿಯ ಕಡೆಯಿಂದ ಬಂದ 12 ಚೀಲಗಳ ಮಾದರಿ ಅದು. ಕಾಳುಗಳ ಮೇಲೆ ನುಸಿಗಳು ಓಡಾಡುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೆ. ಚಿತ್ರ ಮೂಡಿದಾಗ ಕಾಳುಗಳು ಮುತ್ತಿನಂತೆ ಹೊಳೆಯುತ್ತಿದ್ದವು. “ಅಜ್ಜ, ಹುಳ ಒಂದೂ ಬಂದಿಲ್ಲ ನೋಡ್ರಿ” ಎಂದಳು.

ಇದರಲ್ಲಿ ಮಾಯವೇನೂ ಇಲ್ಲ. ಅರ್ಧ ನಿಮಿಷದಲ್ಲಿ ಯಾವುದು ಒಂದೆಡೆ ನಿಲ್ಲುವುದಿಲ್ಲವೋ ಅದು ತನ್ನ ಗುರುತನ್ನು ಬಿಡುವಷ್ಟು ಬೆಳಕನ್ನು ಯಾವ ಎಡೆಯಲ್ಲಿಯೂ ತಡೆಯುವುದಿಲ್ಲ. 1838ರಲ್ಲಿ ದಾಗೇರ್ ಎಂಬಾತನು ಪ್ಯಾರಿಸ್ಸಿನ ಜನನಿಬಿಡವಾದ ಬೀದಿಯೊಂದರ ಚಿತ್ರವನ್ನು ಹಲವು ನಿಮಿಷಗಳ ಕಾಲ ತೆಗೆದಾಗ ಗಾಡಿಗಳೂ ಜನರೂ ಅಳಿಸಿಹೋಗಿ ಬೀದಿ ಬರಿದಾಗಿ ಕಂಡಿತು. ಬೂಟು ಒರೆಸಿಕೊಳ್ಳಲು ನಿಂತಿದ್ದ ಒಬ್ಬನ ಆಕೃತಿ ಮಾತ್ರ ಉಳಿಯಿತು. ನಿಂತವನು ಉಳಿದ, ನಡೆದವರು ಇಲ್ಲವಾದರು.

ಜೈನನಾದವನಿಗೆ ಇಲ್ಲಿ ಥಟ್ಟನೆ ನೆನಪಾಗುವುದು ಸ್ಥಾವರ ಮತ್ತು ತ್ರಸ ಎಂಬ ವಿಭಾಗ. ಸ್ಥಾವರ ಜೀವಗಳ ಹಿಂಸೆಯನ್ನು ಸಂಪೂರ್ಣವಾಗಿ ಬಿಡುವುದು ಗೃಹಸ್ಥನಿಗೆ ಅಸಾಧ್ಯವೆಂದು ತಿಳಿದೇ ಆಚಾರ್ಯರು ಅಣುವ್ರತಿಗೆ ತ್ರಸ ಜೀವಗಳ ಸಂಕಲ್ಪೀ ಹಿಂಸೆಯ ತ್ಯಾಗವನ್ನು ವಿಧಿಸಿದ್ದಾರೆ. ಕ್ಯಾಮೆರಾ ನಿಂತದ್ದನ್ನೆಲ್ಲ ಉಳಿಸಿಕೊಂಡು, ನಾವು ಕಾಯುತ್ತೇವೆಂದು ವ್ರತ ತೊಟ್ಟ ಚಲಿಸುವ ಜೀವಗಳನ್ನೇ ಅಳಿಸಿಹಾಕಿತು! ಇಲ್ಲಿ ಒಂದು ಸೂಕ್ಷ್ಮವಿದೆ. ಚಲಿಸುವುದೆಲ್ಲ ತ್ರಸವಲ್ಲ, ನಿಂತದ್ದೆಲ್ಲ ಸ್ಥಾವರವಲ್ಲ. ಆ ಭೇದ ನಾಮಕರ್ಮದ ಉದಯದಿಂದ ಬಂದುದೆಂದು ತತ್ತ್ವಾರ್ಥಸೂತ್ರದ ವ್ಯಾಖ್ಯಾನಕಾರರು ಎಚ್ಚರಿಸಿದ್ದಾರೆ. ಕಾಳಿನೊಳಗೆ ಅವಿತು ಬೆಳೆಯುವ ಮರಿಹುಳು ಓಡಾಡುವುದಿಲ್ಲವಾದರೂ ತ್ರಸವೇ. ಅದು ಚಿತ್ರದಲ್ಲಿಯೂ ಇಲ್ಲ, ನನ್ನ ಕಣ್ಣಿಗೂ ಬಿದ್ದಿರಲಿಲ್ಲ.

ಹಾಗಾದರೆ ಆ ಚಿತ್ರ ಸುಳ್ಳೇ? ಸುಳ್ಳೆನ್ನಲಾರೆ. ಉತ್ಪಾದ, ವ್ಯಯ, ಧ್ರೌವ್ಯ ಎಂಬ ಮೂರೂ ಕೂಡಿದ್ದು ಸತ್ತು. ದೀರ್ಘಕಾಲ ತೆರೆದ ಮಸೂರವು ಧ್ರೌವ್ಯದ ಪಕ್ಷ ವಹಿಸಿ ಪರ್ಯಾಯಗಳನ್ನು ಗೌಣ ಮಾಡುತ್ತದೆ. ಕ್ಷಣಮಾತ್ರ ತೆರೆದದ್ದು ಒಂದು ಪರ್ಯಾಯವನ್ನು ಹಿಡಿದು ಉಳಿದುದನ್ನು ಬಿಡುತ್ತದೆ. ಎರಡೂ ನಯಗಳೇ, ಯಾವುದೂ ಪ್ರಮಾಣವಲ್ಲ. ನಯವನ್ನೇ ಪೂರ್ಣಸತ್ಯವೆಂದು ಸಾಧಿಸಿದಾಗ ಅದು ದುರ್ನಯವಾಗುತ್ತದೆ. ಆ ದೋಷ ಮಸೂರದ್ದಲ್ಲ, ಚಿತ್ರವನ್ನು ಕೈಯಲ್ಲಿ ಹಿಡಿದವನದು.

ಆ ಕೈ ನಮ್ಮದೇ ಆಯಿತು. ಅಂಗಡಿ ನೋಡಿಕೊಳ್ಳುವ ಮಗ ಚಿತ್ರದ ಅಂದಕ್ಕೆ ಮಾರುಹೋಗಿ ಅದನ್ನು ಅಫಜಲಪುರದ ಗಿರಾಕಿಯೊಬ್ಬರ ಫೋನಿಗೆ ಮಾದರಿಯೆಂದು ಕಳಿಸಿಬಿಟ್ಟ. ಈಗ ಹಿಡಿ ಕಾಳನ್ನು ಅಂಗೈಯಲ್ಲಿಟ್ಟು ಉಜ್ಜಿ ನೋಡಿ ದರ ಕಟ್ಟುವವರು ಕಡಿಮೆ. ಅವರು ಕೂಡಲೇ ಒಪ್ಪಿದರು. ವಿಷಯ ತಿಳಿದ ಮೇಲೂ ನಾನು ಎರಡು ದಿನ ಸುಮ್ಮನಿದ್ದೆನೆಂಬುದನ್ನು ಮುಚ್ಚಿಡಲಾರೆ. ಚಿತ್ರದಲ್ಲಿ ಯಾವುದನ್ನೂ ತಿದ್ದಿರಲಿಲ್ಲ, ಅವರೂ ಏನನ್ನೂ ಕೇಳಿರಲಿಲ್ಲ ಎಂಬ ಸಮಾಧಾನವನ್ನು ಮನಸ್ಸು ಹುಡುಕಿಕೊಂಡಿತ್ತು. ಆದರೆ ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಅಳತೆಯ ಮೋಸದ ಪಕ್ಕದಲ್ಲಿಯೇ ಪ್ರತಿರೂಪಕ ವ್ಯವಹಾರ ಇದೆ: ಒಂದನ್ನು ಇನ್ನೊಂದರಂತೆ ತೋರಿಸಿ ಮಾರುವುದು. 2019ರಲ್ಲಿ ಗುಲ್ಬರ್ಗದ ತೊಗರಿಬೇಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತ ಮೇಲೆ ಈ ಹೆಸರನ್ನು ನಂಬಿ ಕೊಳ್ಳುವವರಿದ್ದಾರೆ. ಆ ನಂಬಿಕೆಯನ್ನು ಖರ್ಚು ಮಾಡುವ ಹಕ್ಕು ನನಗಿಲ್ಲ.

ಮೂರನೆಯ ದಿನ ಚಿತ್ರವನ್ನು ಮತ್ತೆ ದೊಡ್ಡದು ಮಾಡಿ ನೋಡಿದೆ. ನುಸಿಗಳಿರಲಿಲ್ಲ, ನಿಜ. ಆದರೆ ಅವು ಕೊರೆದು ಹೊರಬಂದ ದುಂಡನೆಯ ತೂತುಗಳಿದ್ದವು. ಕೆಲವು ಕಾಳುಗಳ ಮೈಗೆ ತತ್ತಿಗಳು ಬಿಳಿಯ ಚುಕ್ಕೆಗಳಾಗಿ ಅಂಟಿದ್ದವು. ಅಲುಗದ ಸಾಕ್ಷಿಯನ್ನು ಮಸೂರ ಯಥಾವತ್ತಾಗಿ ಹಿಡಿದಿತ್ತು. ಮೊದಲ ದಿನವೇ ಅದನ್ನು ನೋಡದಿದ್ದವನು ನಾನು. ಮೊಮ್ಮಗಳಿಂದ ಕ್ಷಣಮಾತ್ರದ ಇನ್ನೊಂದು ಚಿತ್ರ ತೆಗೆಸಿ ಗಿರಾಕಿಗೆ ಕಳಿಸಿ, ಫೋನು ಮಾಡಿ ಹೇಳಿದೆ. ಅದರಲ್ಲಿ ಐದು ನುಸಿಗಳು ಸ್ಪಷ್ಟವಾಗಿದ್ದವು. ಹಿಂದಿನ ಕಾಳುಗಳೆಲ್ಲ ಮಸುಕಾಗಿದ್ದವು. ಅವರು ಕೋಪಿಸಿಕೊಳ್ಳಲಿಲ್ಲ. “ಬ್ಯಾಡ ಬಿಡ್ರಿ ಸಾವಕಾರ್ರ” ಎಂದಷ್ಟೇ ಹೇಳಿದರು.

ಲೆಕ್ಕ ಇಲ್ಲಿಗೆ ಮುಗಿಯಿತೆಂದುಕೊಂಡಿದ್ದೆ, ಮುಗಿಯಲಿಲ್ಲ. ದಾಸ್ತಾನಿನ ಮೇಲೆ ಹೊದಿಕೆ ಹೊದಿಸಿ ಫಾಸ್ಫೀನ್ ಅನಿಲ ಬಿಡುವ ಗುಳಿಗೆಗಳನ್ನು ಇರಿಸುವುದು ನಮ್ಮ ವ್ಯಾಪಾರದಲ್ಲಿ ಎಲ್ಲರಿಗೂ ಗೊತ್ತಿರುವ ಕ್ರಮ. ಇದು ಉದ್ಯೋಗೀ ಹಿಂಸೆ, ಗೃಹಸ್ಥನಿಗೆ ಪೂರ್ಣ ತಪ್ಪಿಸಲಾಗದ್ದು ಎಂದು ನಾನು ಇತರರಿಗೆ ಸಮಾಧಾನ ಹೇಳಿದ್ದುಂಟು. ಆದರೆ ಕೊಲ್ಲಬೇಕೆಂದೇ ಗುಳಿಗೆ ಇಡುವಾಗ ಅದು ಸಂಕಲ್ಪೀ ಹಿಂಸೆಯಾಗದೆ ಇರುವುದು ಹೇಗೆ? ಹಳೆಯ ಖಾತೆಪುಸ್ತಕಗಳನ್ನು ತೆರೆದು ನೋಡಿದೆ. ಗುಳಿಗೆಯ ಖರ್ಚಿದೆ, ಹಮಾಲಿಯಿದೆ, ಬಾಡಿಗೆಯಿದೆ. ಸತ್ತ ಜೀವಗಳಿಗೆ ಒಂದು ಸಾಲೂ ಇಲ್ಲ. ಆ ಪುಟಗಳೂ ಮೊಮ್ಮಗಳ ಚಿತ್ರದಷ್ಟೇ ನಿರ್ಮಲವಾಗಿದ್ದವು.

ಸುಗ್ಗಿಯಲ್ಲಿಯೇ ಕಾಳನ್ನು ಚೆನ್ನಾಗಿ ಒಣಗಿಸಿ ಬೇಗ ಬೇಳೆ ಮಾಡಿಸಿದರೆ ಈ ಪ್ರಸಂಗವೇ ಬಹುಮಟ್ಟಿಗೆ ಬಾರದು. ಮುಂದಿನ ಸಲ ಹಾಗೆಯೇ ಮಾಡುವೆನು. ಆದರೆ ಆ 12 ಚೀಲಗಳು ಇನ್ನೂ ಗೋದಾಮಿನಲ್ಲಿವೆ. ಗುಳಿಗೆ ಇಡಲು ಬಲ್ಲವರನ್ನು ಕರೆಸಲೇ ಎಂದು ಮಗ ಎರಡು ಸಲ ಕೇಳಿದ್ದಾನೆ. ತಡ ಮಾಡಿದಷ್ಟೂ ಪಕ್ಕದ ಚೀಲಗಳಲ್ಲಿಯೂ ಹುಟ್ಟಿ ಸಾಯುವ ಜೀವಗಳು ಹೆಚ್ಚುತ್ತವೆಂಬುದನ್ನು ಬಲ್ಲೆ. ಅವನಿಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ.